ಹಿಂದಿನ ಕೋಣೆಗೊಂದು ರೂಟರ್

ಪಾಠದ ನಡುವೆ ಮತ್ತೆ ಸಂಪರ್ಕ ಕಡಿದುಹೋಯಿತು. "ಆಕ್ಟೋಪಸ್ಸಿನ ಮೂರು ಹೃದಯಗಳಲ್ಲಿ ಎರಡು" ಎನ್ನುವಷ್ಟರಲ್ಲಿ ಪ್ರಾಧ್ಯಾಪಕರ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು. ಪರದೆ ಮತ್ತೆ ಚಲಿಸುವ ಹೊತ್ತಿಗೆ ಅವರು ಏಡಿಗಳಿಗೆ ಬಂದಿದ್ದರು. ಕೆಳಗೆ ಒಬ್ಬ ವಿದ್ಯಾರ್ಥಿ ಬರೆದಿದ್ದ: "ಎರಡು ಏನಾದವು?"

ಕಿವಿ ಕೇಳದ ವಿದ್ಯಾರ್ಥಿಗಳಿಗಾಗಿ ಪಾಠವನ್ನು ಆಗಿಂದಾಗಲೇ ಅಕ್ಷರಕ್ಕಿಳಿಸುವುದು ನನ್ನ ಕೆಲಸ. ಪ್ರಾಧ್ಯಾಪಕರ ದನಿ ನನ್ನ ಕಿವಿಗೆ ಬರುತ್ತದೆ, ನನ್ನ ಬೆರಳಿನಿಂದ ವಿದ್ಯಾರ್ಥಿಗಳ ಪರದೆಗೆ ಹೋಗುತ್ತದೆ. ನಾನು ನಿಂತರೆ ಆ ಮಕ್ಕಳಿಗೆ ಪಾಠವೇ ನಿಂತಂತೆ.

ಸಂಜೆ ಮೇಲ್ವಿಚಾರಕಿ ಫೋನು ಮಾಡಿದರು. "ಬೇಜಾರು ಮಾಡ್ಕೋಬೇಡಿ. ನಿಮ್ಮ ಟೈಪಿಂಗ್ ಬಗ್ಗೆ ಒಂದು ಮಾತೂ ಇಲ್ಲ. ಲೈನಿನದೇ ಗೋಳು. ಈ ತಿಂಗಳೊಳಗೆ ಸರಿಯಾಗ್ಲಿಲ್ಲ ಅಂದ್ರೆ ಇಲ್ಲಿಗೇ ಬಂದುಬಿಡಿ. ಆಫೀಸಿನ ಹಿಂದೆ ಹಾಸ್ಟೆಲ್ ಇದೆ. ಒಂದು ರೂಮು ನಿಮಗೇ ಅಂತ ಹಿಡಿದಿಟ್ಟಿರ್ತೀನಿ."

ಆ ಊರು ರೈಲಿನಲ್ಲಿ ಒಂದು ಹಗಲಿನ ದಾರಿ.

ಊಟದ ಹೊತ್ತಿಗೆ ವಿಷಯ ಹೇಳಿದೆ. ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತೆ ಬಡಿಸುವ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಕೇಳಿದರು, "ನಿನಗೆ ಹೋಗ್ಬೇಕು ಅನ್ನಿಸಿದ್ಯಾ?"

"ಗೊತ್ತಿಲ್ಲ ಅತ್ತೆ."

ನಿಜವಾಗಿಯೂ ಗೊತ್ತಿರಲಿಲ್ಲ. ಅವರ ಒಬ್ಬನೇ ಮಗ, ನನ್ನ ಗಂಡ, ತೀರಿಹೋದ ಮೇಲೆ ಬೇಕು ಬೇಡ ಎನ್ನುವುದು ನನ್ನ ಹತ್ತಿರ ಸುಳಿದಿರಲಿಲ್ಲ. ತವರಿನವರು ಕರೆದಿದ್ದರು. ಹೋಗಬೇಕೆಂದರೆ ಎದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಅಷ್ಟೇ. ಹಾಗೆ ಈ ಮನೆಯಲ್ಲಿ ಉಳಿದುಕೊಂಡೆ.

"ಒಂದು ವೈಫೈ ಡಬ್ಬಿಗೋಸ್ಕರ ಯಾಕೆ ಊರು ಬಿಡ್ಬೇಕು?" ಎಂದರು ಅತ್ತೆ. "ಹೊಸ ಡಬ್ಬಿ ತಂದ್ರಾಯ್ತು. ನಾಳೆ ಮೂವರೂ ಹೋಗೋಣ."

ಮಗ ಹೋದಂದಿನಿಂದ ಅತ್ತೆ ಬೀದಿಯ ತುದಿಯ ತರಕಾರಿ ಅಂಗಡಿ ದಾಟಿದವರಲ್ಲ. ಮಾವ ಈಗ ತಲೆ ಎತ್ತಿದರು.

ಮನೆಯ ಬಗ್ಗೆ ಸ್ವಲ್ಪ ಹೇಳಬೇಕು. ಮಾವ ಕನ್ನಡಿ ಮಾಡುವವರು. ಬೀದಿಗೆ ತೆರೆದುಕೊಂಡಿರುವುದು ಅವರ ಕಾರ್ಖಾನೆ. ದಿನವಿಡೀ ಅಲ್ಲಿ ಗಾಜಿನ ಅಂಚು ಉಜ್ಜುವ ಯಂತ್ರ ಕಿರುಚುತ್ತದೆ. ಅದರ ಹಿಂದೆ ನಡುಮನೆ. ನಡುಮನೆಯ ಹಿಂದೆ ಒಂದು ಓಣಿಯಂಥ ಪ್ಯಾಸೇಜು, ಅದರಾಚೆಗೆ ನನ್ನ ಕೋಣೆ. ಪ್ಯಾಸೇಜಿನ ಪಕ್ಕಕ್ಕೆ ಅಡುಗೆಮನೆ. ರೂಟರ್ ಇರುವುದು ನಡುಮನೆಯ ಕಪಾಟಿನ ಮೇಲೆ. ನನ್ನ ಗಂಡ ಇಟ್ಟದ್ದು. ಅವನಿಗೆ ಸೋಫಾದಲ್ಲಿ ಮಲಗಿ ಮ್ಯಾಚು ನೋಡಲು ಸಿಗ್ನಲ್ ಸಿಕ್ಕರೆ ಸಾಕಿತ್ತು. ನಾನು ನಡುಮನೆಯಲ್ಲೇ ಕೂತು ಕೆಲಸ ಮಾಡೋಣವೆಂದರೆ ಯಂತ್ರದ ಕಿರುಚಾಟದಲ್ಲಿ ಪ್ರಾಧ್ಯಾಪಕರ ದನಿಯೇ ಕೇಳುವುದಿಲ್ಲ. ತಂತಿ ಎಳೆಸೋಣವೆಂದರೆ ಮಾವ ಒಪ್ಪುವುದಿಲ್ಲ. ಆಳೆತ್ತರದ ಗಾಜು ಹೊತ್ತು ನಡೆಯುವವರಿಗೆ ತಮ್ಮ ಪಾದ ತಮಗೆ ಕಾಣದು. ಆದ್ದರಿಂದ ಗಾಜು ಓಡಾಡುವ ದಾರಿಯಲ್ಲಿ ನೆಲದ ಮೇಲಾಗಲಿ ಗೋಡೆಯ ಮೇಲಾಗಲಿ ಒಂದು ದಾರವೂ ಇರಕೂಡದು. ಅವರು ಪಟ್ಟು ಹಿಡಿಯುವುದು ಈ ಒಂದು ವಿಷಯಕ್ಕೆ ಮಾತ್ರ.

ಅಂಗಡಿಯಲ್ಲಿ ರೂಟರುಗಳು ಬೆನ್ನ ಮೇಲೆ ಬಿದ್ದ ಕೀಟಗಳ ಹಾಗೆ ಸಾಲಾಗಿ ಕುಳಿತಿದ್ದವು. ಕೆಲವಕ್ಕೆ ಎರಡು ಕೊಂಬು, ಕೆಲವಕ್ಕೆ ನಾಲ್ಕು. ಒಂದಕ್ಕೆ ಕೊಂಬೇ ಇಲ್ಲ, ನಯವಾದ ಬಿಳಿ ಮೊಟ್ಟೆಯ ಹಾಗಿತ್ತು.

"ಕೊಂಬು ಹೆಚ್ಚಿದ್ರೆ ಜೋರಾ?" ಅತ್ತೆ ಅಂಗಡಿಯವನನ್ನು ಕೇಳಿದರು.

"ಹಾಗೇನಿಲ್ಲಮ್ಮ. ಆದ್ರೆ ಜನ ಹೆಚ್ಚಿರೋದನ್ನೇ ಕೇಳ್ತಾರೆ."

"ಮತ್ತೆ ನೀವ್ಯಾಕೆ ಇಲ್ಲ ಅಂತೀರಿ? ಹೌದು ಅಂದ್ರೆ ವ್ಯಾಪಾರ ಆಗಲ್ವಾ?"

"ಹೌದು ಅಂದ್ರೆ ನಾಳೆ ನೀವೇ ಬಂದು ನನ್ನ ಜನ್ಮ ಜಾಲಾಡ್ತೀರಲ್ಲಮ್ಮ," ಎಂದು ನಕ್ಕು, ಅವನು ಒಂದು ಹಾಳೆ ಮುಂದಿಟ್ಟ. "ಮನೆ ಹೇಗಿದೆ ಬಿಡಿಸಿ ತೋರ್ಸಿ. ನಮ್ಮಲ್ಲಿ ಒಂದು ವಾರ ಇಟ್ಟು ನೋಡಿ ವಾಪಸ್ ಕೊಡ್ಬಹುದು. ಆದ್ರೂ ಮೊದಲೇ ಸರಿಯಾದ್ದು ಒಯ್ದ್ರೆ ಇಬ್ಬರಿಗೂ ಓಡಾಟ ತಪ್ಪುತ್ತೆ."

ಮಾವ ಜೇಬಿನಿಂದ ಗಾಜಿಗೆ ಗುರುತು ಹಾಕುವ ಸೀಸದಕಡ್ಡಿ ತೆಗೆದರು. ಅಳತೆಪಟ್ಟಿ ಇಲ್ಲದೆ ಅವರು ಎಳೆದ ಗೆರೆಗಳು ಪಟ್ಟಿ ಇಟ್ಟು ಎಳೆದ ಹಾಗಿದ್ದವು. ನಡುಮನೆ, ಪ್ಯಾಸೇಜು, ನನ್ನ ಕೋಣೆ. ಫ್ರಿಜ್ಜಿಗೆ ಒಂದು ಚೌಕ, ನೀರಿನ ತೊಟ್ಟಿಗೆ ಒಂದು ಸುತ್ತು. ಅತ್ತೆ ಬಗ್ಗಿ ಬೆರಳಿಟ್ಟು, "ಹೊಲಿಗೆ ಮಿಷನ್ನು ಬಿಟ್ರಿ," ಎಂದರು. ಅದನ್ನೂ ಹಾಕಿದರು.

"ರೂಟರಿಗೂ ಈ ಕೋಣೆಗೂ ಮಧ್ಯೆ ಏನಾದ್ರೂ ಇದ್ಯಾ?" ಅಂಗಡಿಯವನು ಕೇಳಿದ. "ಕಬ್ಬಿಣದ ಬೀರು, ಮೀನಿನ ತೊಟ್ಟಿ, ಆ ಥರದ್ದು?"

ನಾವು ಮೂವರೂ ಹಾಳೆ ನೋಡಿದೆವು.

"ಏನೂ ಇಲ್ಲ," ಎಂದರು ಮಾವ. "ಒಂದು ಗೋಡೆ, ಖಾಲಿ ಪ್ಯಾಸೇಜು."

"ಹಾಗಾದ್ರೆ ಗೋಡೆ ದಪ್ಪ ಇರ್ಬೇಕು. ಸ್ವಲ್ಪ ಜೋರಿನದೇ ಬೇಕಾಗುತ್ತೆ," ಎಂದು ಅವನು ಎಂಟು ಕೊಂಬಿನದನ್ನು ಇಳಿಸಿದ. ಅತ್ತೆ ನನ್ನತ್ತ ನೋಡಿ ಹುಬ್ಬು ಕುಣಿಸಿದರು. ಹೊರಡುವಾಗ ಅವನು ನನ್ನ ಫೋನಿಗೆ ಸಿಗ್ನಲ್ ಅಳೆಯುವ ಒಂದು ಆ್ಯಪ್ ಹಾಕಿಕೊಟ್ಟ. ಅಂಕಿ ಚಿಕ್ಕದಾದಷ್ಟೂ ಒಳ್ಳೆಯದು, ಎಂಬತ್ತು ದಾಟಿದರೆ ಕಷ್ಟ.

ಎಂಟು ಕೊಂಬಿನದನ್ನು ಕಪಾಟಿನ ಮೇಲೆ ಏರಿಸಿದೆವು. ಮಾವ ಅದಕ್ಕೆ ರಾವಣ ಎಂದು ಹೆಸರಿಟ್ಟರು. ಅತ್ತೆ, "ತಲೆ ಎರಡು ಕಮ್ಮಿ," ಎಂದರು. ನಡುಮನೆಯಲ್ಲಿ ಅಂಕಿ ಮೂವತ್ತಕ್ಕೆ ಇಳಿಯಿತು. ನನ್ನ ಕೋಣೆಗೆ ಹೋಗಿ ಮೇಜಿನ ಮುಂದೆ ಕುಳಿತೆ. ಎಂಬತ್ತಾರು.

ಬಾಗಿಲಲ್ಲಿ ನಿಂತಿದ್ದ ಅತ್ತೆ, "ಎಷ್ಟು?" ಎಂದರು. ಹೇಳಿದೆ. ಅವರು ಅಡುಗೆಮನೆಗೆ ಹೋದರು. ಪಾತ್ರೆಗಳ ಸದ್ದು ಎಂದಿಗಿಂತ ಜೋರಾಗಿ ಕೇಳಿಸಿತು.

ಮರುದಿನ ನನಗೆ ಪಾಠವಿರಲಿಲ್ಲ. ಫೋನು ಹಿಡಿದು ಮನೆಯೆಲ್ಲ ಸುತ್ತಿದೆ. ಸುಮ್ಮನೆ ಶುರು ಮಾಡಿದ್ದು, ಆಮೇಲೆ ಬಿಡಲಾಗಲಿಲ್ಲ. ಕಾರ್ಖಾನೆಯಲ್ಲಿ ನಲವತ್ತೈದು. ಬೀದಿಗಿಳಿದರೂ ಐವತ್ತೈದು. ಎದುರು ಮನೆಯ ಮೆಟ್ಟಿಲಿನ ಮೇಲೆ ನಿಂತರೆ ಅರವತ್ತು. ಎದುರು ಮನೆಯಾಕೆ ಕಿಟಕಿಯಿಂದ, "ಏನು ಹುಡುಕ್ತಿದ್ದೀರಿ?" ಎಂದರು. "ನಮ್ಮ ವೈಫೈ," ಎಂದೆ. ಅವರು ನನ್ನನ್ನು ಮರುಕದಿಂದ ನೋಡಿದರು. ಗಂಡ ಹೋದ ಮೇಲೆ ಹೀಗಾಗಿದ್ದಾಳೆ ಅಂದುಕೊಂಡಿರಬೇಕು.

ಬೀದಿ ದಾಟಿ ಹೋಗುವ ಸಿಗ್ನಲ್ಲಿಗೆ ಮನೆಯೊಳಗಿನ ಒಂದು ಗೋಡೆ ಯಾಕೆ ಕಷ್ಟ? ದಪ್ಪವೆಂದರೆ ಬೀದಿ ಕಡೆಯ ಗೋಡೆಯೂ ಅಷ್ಟೇ ದಪ್ಪ. ಒಳಗೆ ಬಂದೆ. ಪ್ಯಾಸೇಜಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟೆ. ಎಂಬತ್ತು, ಎಂಬತ್ತೆರಡು, ಎಂಬತ್ತು. ಮುಂದಿನ ಹೆಜ್ಜೆಗೆ ಐವತ್ತೆಂಟು. ಬಲಕ್ಕೆ ಸರಿದೆ, ಎಂಬತ್ತು. ಎಡಕ್ಕೆ ಬಂದೆ, ಐವತ್ತೆಂಟು. ಕಿರಿದಾದ ಒಂದು ಬಾಗಿಲಿನಲ್ಲಿ ನಿಂತ ಹಾಗಿತ್ತು. ತಲೆ ಎತ್ತಿ ಎದುರಿನ ಗೋಡೆ ನೋಡಿದೆ. ಅಷ್ಟು ಅಗಲಕ್ಕೆ ಬರೀ ಸುಣ್ಣ ಕಾಣುತ್ತಿತ್ತು. ಬೆಳಿಗ್ಗೆಯಷ್ಟೇ ಕ್ಷೌರಿಕರು ಬಂದು ತಮ್ಮ ಅಂಗಡಿಗೆಂದು ಮಾಡಿಸಿದ್ದ ಕನ್ನಡಿಯನ್ನು ಅಲ್ಲಿಂದ ಒಯ್ದಿದ್ದರು. ಅದರ ಆಚೆಗೂ ಈಚೆಗೂ, ಪ್ಯಾಸೇಜಿನ ಉದ್ದಕ್ಕೂ, ನೆಲದಿಂದ ನನ್ನ ತಲೆಯ ಮೇಲಿನವರೆಗೆ ಗೋಡೆಗೊರಗಿ ಕನ್ನಡಿಗಳಿದ್ದವು. ಎಲ್ಲದರಲ್ಲೂ ಫೋನು ಹಿಡಿದ ನಾನು.

"ಮಾವ," ಕೂಗಿದೆ. "ಕನ್ನಡಿಯ ಬೆನ್ನಿಗೆ ಏನು ಬಳೀತೀರಿ?"

ಯಂತ್ರ ನಿಂತಿತು. "ಬೆಳ್ಳಿ," ಎಂದು ಕೈ ಒರೆಸಿಕೊಳ್ಳುತ್ತಾ ಬಂದರು. "ಬೆಳ್ಳಿಯ ಮೇಲೆ ತಾಮ್ರ. ಆಮೇಲೆ ಬಣ್ಣ. ಯಾಕೆ?"

ಫೋನನ್ನು ಅವರ ಕೈಗೆ ಕೊಟ್ಟು ಆ ಜಾಗದಲ್ಲಿ ನಿಲ್ಲಿಸಿದೆ. ಎಡಕ್ಕೆ ಸರಿಸಿದೆ, ಬಲಕ್ಕೆ ಸರಿಸಿದೆ. ಅವರು ತಾವಾಗಿಯೇ ಇನ್ನೆರಡು ಸಲ ಸರಿದು ನೋಡಿದರು.

"ನಾನು ನಕ್ಷೆಯಲ್ಲಿ ಇದನ್ನ ಹಾಕ್ಲೇ ಇಲ್ಲ," ಎಂದರು ಮೆಲ್ಲಗೆ.

ಅತ್ತೆ ಅಡುಗೆಮನೆಯಿಂದ ಬಂದು ವಿಷಯ ತಿಳಿದು ಸೆರಗು ಬಾಯಿಗೆ ಒತ್ತಿಕೊಂಡರು. "ಮೀಸೆ ಮೂಡಿದಾಗಿಂದ ಕನ್ನಡಿ ಮಾಡ್ತೀರಿ. ನೀರಿನ ತೊಟ್ಟಿ ಕಂಡಿತು, ಇದು ಕಾಣ್ಲಿಲ್ವಾ?"

"ನಿನಗೆ ಕಂಡಿತಾ?"

"ನಾನು ಅದರಲ್ಲಿ ತಲೆ ಬಾಚ್ಕೊಳ್ತೀನಿ. ಅದನ್ನ ಯಾವಾಗ ನೋಡ್ದೆ?"

ನಾನು ನಕ್ಕೆ. ಆ ಸದ್ದಿಗೆ ಇಬ್ಬರೂ ನನ್ನತ್ತ ತಿರುಗಿದರು, ಕೂಡಲೇ ಬೇರೆ ಕಡೆ ನೋಡಿದರು.

ಮಾವ ಕನ್ನಡಿಗಳ ಸಾಲನ್ನು ಒಮ್ಮೆ ಉದ್ದಕ್ಕೂ ನೋಡಿ, "ಎಲ್ಲಾ ತೆಗೆಸಿಬಿಡ್ತೀನಿ," ಎಂದರು.

"ಎಲ್ಲಿಡ್ತೀರಿ? ನಿಮ್ಮ ತಲೆ ಮೇಲಾ?" ಎಂದರು ಅತ್ತೆ. ಕಾರ್ಖಾನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಈ ಪ್ಯಾಸೇಜಿಲ್ಲದೆ ಅವರ ಕಸುಬು ನಡೆಯುವುದಿಲ್ಲ. ನಾನು ಬೇಡವೆಂದೆ.

ಮಾವ ಸ್ವಲ್ಪ ಹೊತ್ತು ಮೂಗಿನ ತುದಿ ತಿಕ್ಕಿಕೊಂಡರು. "ಇದು ಬೆಳಕಿನ ಥರಾನೇ ಅಲ್ವಾ? ಕನ್ನಡಿಗೆ ಬಡಿದು ವಾಪಸ್ ಹೋಗುತ್ತೆ ಅಂದ್ರೆ ಬೆಳಕಿನ ಥರಾನೇ."

"ಹೆಚ್ಚುಕಮ್ಮಿ. ಗೋಡೆಯನ್ನೂ ಸ್ವಲ್ಪ ದಾಟುತ್ತೆ, ಅಷ್ಟೇ."

"ಹಾಗಾದ್ರೆ ತಡಿ."

ಕಿಟಕಿಗಳನ್ನೆಲ್ಲ ಮುಚ್ಚಿಸಿ ನಡುಮನೆ ಕತ್ತಲಾಗಿಸಿದರು. ರಾವಣನ ಪಕ್ಕ ಒಂದು ದೀಪ ಹಚ್ಚಿಟ್ಟರು. ನನ್ನನ್ನು ಕೋಣೆಯ ಮೇಜಿನ ಮುಂದೆ ಕೂರಿಸಿ, ತಾವು ಮೊಣಕಾಲೆತ್ತರದ ಒಂದು ಕನ್ನಡಿ ಎದೆಗವಚಿಕೊಂಡು ಪ್ಯಾಸೇಜಿನ ಮೂಲೆಗೆ ಹೋದರು. ಅದನ್ನು ಓರೆ ಮಾಡಿದರು, ಮತ್ತಷ್ಟು ಓರೆ ಮಾಡಿದರು. ಥಟ್ಟನೆ ಬಾಗಿಲಾಚೆಯ ಕನ್ನಡಿಯಲ್ಲಿ ನಡುಮನೆಯ ದೀಪ ಕಂಡಿತು. ಫೋನು ನೋಡಿದೆ. ಅರವತ್ತೈದು.

"ಬಂತು!" ಎಂದೆ.

"ಬಂತಾ?" ಎಂದು ಅವರು ಕತ್ತು ತಿರುಗಿಸಿದರು. ಎಂಬತ್ತು.

"ಹೋಯ್ತು."

"ಉಸಿರಾಡೋ ಹಾಗಿಲ್ಲ ಅಂತಾಯ್ತು," ಎಂದರು ಮಾವ. ಮತ್ತೆ ಓರೆ ಹಿಡಿದರು. "ಪರ್ವಾಗಿಲ್ಲ. ನಿನ್ನ ಪಾಠ ಎಷ್ಟು ಹೊತ್ತು? ಹೀಗೇ ಹಿಡ್ಕೊಂಡು ನಿಂತಿರ್ತೀನಿ."

ಅದು ತಮಾಷೆ ಎಂದುಕೊಂಡೆ. ಅವರ ಮುಖ ನೋಡಿದರೆ ತಮಾಷೆಯಾಗಿರಲಿಲ್ಲ. ಕನ್ನಡಿಯ ಅಂಚು ಹಿಡಿದ ಬೆರಳುಗಳು ಬಿಳುಪೇರಿದ್ದವು. ಎದ್ದು ಹೋಗಿ ಕನ್ನಡಿ ಕೆಳಗಿಳಿಸಿದೆ.

"ಮಾವ, ಎರಡು ತುಂಡಿನ ರೂಟರ್ ಬರುತ್ತೆ," ಎಂದೆ. "ಒಂದು ಕಪಾಟಿನ ಮೇಲೆ. ಇನ್ನೊಂದು ಅದರಿಂದ ತಗೊಂಡು ಮುಂದಕ್ಕೆ ಕಳಿಸುತ್ತೆ. ಅಂಗಡಿಯಲ್ಲಿ ಮೊಟ್ಟೆ ಥರ ಇತ್ತಲ್ಲ, ಅದರದ್ದೇ ಜೋಡಿ. ಆದ್ರೆ ಎರಡನೇದಕ್ಕೆ ನಡುಮನೆಯ ದೀಪವೂ ಕಾಣ್ಬೇಕು, ನನ್ನ ಮೇಜೂ ಕಾಣ್ಬೇಕು. ಅಂಥ ಜಾಗ ಬೇಕು."

ಮೂವರೂ ಹುಡುಕಿದೆವು. ಮಾವ ಸ್ಟೂಲಿನ ಮೇಲೆ ಹತ್ತಿದರು, ನಾನು ನೆಲದಲ್ಲಿ ಕೂತೆ. ಪ್ಯಾಸೇಜಿನಲ್ಲಿ ಎಲ್ಲೂ ಇರಲಿಲ್ಲ. ಅಡುಗೆಮನೆಗೆ ಬಂದೆ. ಅದರ ಬಾಗಿಲಿಗೆ ನೇರ ಎದುರು ನನ್ನ ಕೋಣೆಯ ಬಾಗಿಲು. ಒಲೆಯ ಪಕ್ಕ ನಿಂತರೆ ನನ್ನ ಮೇಜು ಪೂರ್ತಿ ಕಾಣುತ್ತದೆ. ದೀಪ ಮಾತ್ರ ಕಾಣದು, ನಡುವೆ ಗೋಡೆ. ಗೋಡೆಯಲ್ಲಿ ಅತ್ತೆಯ ಸ್ಟೀಲ್ ಡಬ್ಬಿಗಳ ಗೂಡು.

"ಅದು ಗೂಡಲ್ಲ," ಎಂದರು ಅತ್ತೆ ನನ್ನ ಹಿಂದಿನಿಂದ. "ಕಿಂಡಿ. ಮೊದಲು ಇದರಲ್ಲೇ ತಟ್ಟೆ ಆಚೆ ಕೊಡ್ತಿದ್ದೆ. ಆಮೇಲೆ ಡಬ್ಬಿಗೆ ಜಾಗ ಸಾಲ್ದೆ..."

ಅವರ ಡಬ್ಬಿಗಳನ್ನು ಈ ಮನೆಯಲ್ಲಿ ಯಾರೂ ಮುಟ್ಟುವ ಹಾಗಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಉಪ್ಪಿನ ಡಬ್ಬಿಯನ್ನು ಸಕ್ಕರೆಯ ಜಾಗದಲ್ಲಿಟ್ಟು ವಾರಗಟ್ಟಲೆ ಮಾತು ಕೇಳಿಸಿಕೊಂಡಿದ್ದೆ. ಈಗ ಅವರು ಒಂದೊಂದಾಗಿ ಇಳಿಸತೊಡಗಿದರು. ಉಪ್ಪು, ಸಕ್ಕರೆ, ಮೆಣಸು, ಒಳಗೇನಿದೆಯೆಂದು ಅವರಿಗೂ ನೆನಪಿಲ್ಲದ ಇನ್ನೆರಡು. ನಾನು ಕೈ ಹಾಕಹೋದರೆ, "ನೀನು ಬಿಡು," ಎಂದರು. ಕೊನೆಯದನ್ನು ಎತ್ತಿದಾಗ ಧೂಳಿನ ಹಿಂದೆ ಹಳೆಯ ಮರದ ಬಾಗಿಲು. ಮಾವ ಆಚೆಯಿಂದ ಗುದ್ದಿ ತೆರೆದರು. ದೀಪ, ಅದರ ಪಕ್ಕ ಅವರ ಮುಖ.

"ಕಾಣ್ತಿದ್ದೀನಾ?"

"ಕಾಣ್ತಿದ್ದೀರಿ, ಸುಮ್ನಿರಿ," ಎಂದರು ಅತ್ತೆ. ಡಬ್ಬಿಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದರು.

ರಾವಣನನ್ನು ಹಿಂದಿರುಗಿಸಿ ಮೊಟ್ಟೆಯ ಜೋಡಿ ತಂದೆವು. ಅಂಗಡಿಯವನು ತಾನೇ ಮೊದಲು ಅದನ್ನು ಹೇಳಬೇಕಿತ್ತೆಂದು ಕೈ ಕೈ ಹಿಸುಕಿಕೊಂಡ. "ಕನ್ನಡಿ ಇದೆ ಅಂತ ನೀವು ಹೇಳ್ಬೇಕಿತ್ತಲ್ವಾ?" ಎಂದ. "ಇದೆ ಅಂತ ನಮಗೆ ಗೊತ್ತಿದ್ರೆ ತಾನೇ," ಎಂದರು ಅತ್ತೆ. ಒಂದು ಮೊಟ್ಟೆ ಕಪಾಟಿನ ಮೇಲೆ, ಇನ್ನೊಂದು ಕಿಂಡಿಯಲ್ಲಿ. ನನ್ನ ಮೇಜಿನ ಮೇಲೆ ಐವತ್ತು.

ಮೇಲ್ವಿಚಾರಕಿ ಪರೀಕ್ಷೆಗೆಂದು ಬೆಳಗಿನ ಪಾಠಕ್ಕೆ ತಾವೂ ಪರದೆಗೆ ಬಂದು ಕುಳಿತರು. ಅಂದು ಪಾಠ ಮರುಭೂಮಿಯ ಗಿಡಗಳ ಬಗ್ಗೆ. ನೀರಿಗಾಗಿ ಬೇರು ಎಷ್ಟು ಆಳ ಹೋಗುತ್ತದೆ, ಎಷ್ಟು ಅಗಲ ಹರಡುತ್ತದೆ. ನಾನು ಕೇಳಿಸಿಕೊಳ್ಳುತ್ತಾ ಹೋದೆ, ಬೆರಳು ಬರೆಯುತ್ತಾ ಹೋಯಿತು. ಎಲ್ಲೂ ಕಡಿಯಲಿಲ್ಲ. ಪಾಠ ಮುಗಿದ ಮೇಲೆ ವಿದ್ಯಾರ್ಥಿಗಳು ಕೈಬೀಸಿ ಹೋದರು. ಮೇಲ್ವಿಚಾರಕಿ ಒಬ್ಬರೇ ಉಳಿದರು.

"ಒಂದಕ್ಷರ ಬಿಟ್ಟುಹೋಗ್ಲಿಲ್ಲ," ಎಂದರು. "ಆದ್ರೂ ರೂಮು ಹಾಗೇ ಇದೆ. ಆ ಮನೆಯಲ್ಲಿ ಒಬ್ಬರೇ ಇರೋದು ಕಷ್ಟ ಅನ್ನಿಸಿದ್ರೆ, ಈಗ್ಲೂ ಬರಬಹುದು. ಏನಂತೀರಿ? ಇಡ್ಲಾ, ಬಿಡ್ಲಾ?"

ಗೊತ್ತಿಲ್ಲ ಎನ್ನಲು ಬಾಯಿ ತೆರೆದೆ. ಆ ಮಾತು ಅಲ್ಲಿರಲಿಲ್ಲ.

"ಬಿಡಿ," ಎಂದೆ. "ಒಬ್ಬಳೇ ಇಲ್ಲ. ಇಲ್ಲೇ ಇರ್ತೀನಿ."

ಹೊರಗೆ ಬಂದರೆ ಮನೆಯಲ್ಲಿ ಸದ್ದಿಲ್ಲ. ಒಲೆ ಹಚ್ಚಿರಲಿಲ್ಲ. ಅಡುಗೆಮನೆಯಲ್ಲಿ, ಕಿಂಡಿಯ ಕೆಳಗೆ, ಅತ್ತೆ ಮಾವ ಗೋಡೆಗೆ ಬೆನ್ನು ಕೊಟ್ಟು ನೆಲಕ್ಕಂಟಿ ಕುಳಿತಿದ್ದರು. ಮಾವನ ಕೈಯಲ್ಲಿ ಕುಡಿಯದ ನೀರಿನ ಲೋಟ.

"ಏನಾಯ್ತು?" ಎಂದೆ, ಗಾಬರಿಯಾಗಿ.

"ಶ್," ಎಂದರು ಅತ್ತೆ. "ಎದ್ರೆ ಸಿಗ್ನಲ್ಲಿಗೆ ಅಡ್ಡ ಬರ್ತೀವಲ್ಲ. ಮುಗೀತಾ?"

"ಮುಗೀತು."

"ಏನಂದ್ರು?" ಮಾವ ಲೋಟದೊಳಗೆ ನೋಡುತ್ತಾ ಕೇಳಿದರು.

"ರೂಮು ಬೇರೆಯವರಿಗೆ ಕೊಡ್ತಾರಂತೆ. ನಾನೇ ಕೊಡಿ ಅಂದೆ."

ಅತ್ತೆ ಎರಡು ಕೈಯನ್ನೂ ನನ್ನತ್ತ ಚಾಚಿದರು.

"ಹಾಗಾದ್ರೆ ಎಬ್ಬಿಸು," ಎಂದರು. "ಬೆಳಗಿಂದ ಕೂತು ಕಾಲು ಜೋಮು ಹಿಡಿದಿದೆ."