ಹೊರಗಿನ ಬೆಂಚು

ಮಂಚದ ಪಕ್ಕದ ಮೇಜಿನ ಮೇಲೆ ಫೋನು ಗುರ್ರೆಂದು ಒಮ್ಮೆ ನಡುಗಿ ಸುಮ್ಮನಾಯಿತು. ಆ ನಡುರಾತ್ರಿಯಲ್ಲಿ ಪಕ್ಷದ ಅಧ್ಯಕ್ಷರಲ್ಲದೆ ಇನ್ನಾರು? ವಕೀಲೆ ಕತ್ತಲಲ್ಲೇ ಓದಿದಳು: ‘ನಾಳೆ ವಿಚಾರಣೆ ಮುಗಿಸಿಬಿಡೋಣ ತಂಗಿ. ನಾಮಪತ್ರದ ದಿನ ಹತ್ತಿರ ಬಂತು.’ ಆಮೇಲೆ ನಿದ್ದೆ ಸುಳಿಯಲಿಲ್ಲ.

ಹಿಂದಿನ ವರ್ಷ ಎದುರು ಪಕ್ಷದ ಮಂತ್ರಿಯ ಮೇಲೆ ಎಂದೋ ನಡೆದ ಕಿರುಕುಳದ ದೂರೊಂದು ಬಂದಾಗ, ಹೆಣ್ಣು ಯಾವಾಗ ಬಾಯಿ ಬಿಟ್ಟರೂ ಕೇಳಬೇಕು ಎಂದು ಮೈಕ್ ಹಿಡಿದು ಗಂಟಲು ಹರಿದುಕೊಂಡವಳು ಅವಳೇ. ಈಗಿನ ದೂರು ತಮ್ಮದೇ ಅಭ್ಯರ್ಥಿಯ ಮೇಲೆ; ಅದನ್ನು ವಿಚಾರಿಸುವ ಪಕ್ಷದ ಮೂವರ ಸಮಿತಿಯಲ್ಲಿ ಅವಳೂ ಒಬ್ಬಳು. ಕೊಟ್ಟಾಕೆ ಒಂದು ಕಾಲಕ್ಕೆ ಅವನ ಕಚೇರಿಯ ಟೈಪಿಸ್ಟ್. ಈಗ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ.

ಬೆಳಿಗ್ಗೆ, ಪಕ್ಷದ ಕಚೇರಿಯ ಪ್ಲೈವುಡ್ ಗೋಡೆಯ ಕೋಣೆ. ಫ್ಯಾನಿನ ಗದ್ದಲಕ್ಕೆ ಮಾತು ಕೇಳುತ್ತಿಲ್ಲವೆಂದು ಅಧ್ಯಕ್ಷರು ಅದನ್ನು ಆರಿಸಿದರು.

“ಅಲ್ಲಮ್ಮ, ಇಷ್ಟು ವರ್ಷ ಬಾಯಿಗೆ ಬೀಗ. ಚುನಾವಣೆ ಬಂದ ಕೂಡ್ಲೇ ಬೀಗದಕೈ ಸಿಕ್ಕಿಬಿಡ್ತಾ?”

ಸಮಿತಿಯ ಮೂರನೆಯವರಾದ ನಿವೃತ್ತ ಮೇಷ್ಟ್ರು ನಕ್ಕರು.

“ನಗಬೇಡಿ ಮೇಷ್ಟ್ರೇ,” ಎಂದಳು ಎದುರು ಕೂತಿದ್ದ ದೂರು ಕೊಟ್ಟಾಕೆ. “ಈ ಅಕ್ಕ ಹೋದ ವರ್ಷ ಮೈಕಲ್ಲಿ ಹೇಳಿದ್ದನ್ನ ನಂಬಿ ಬಂದಿದೀನಿ. ನನ್ನ ಜೊತೆ ಕೆಲಸ ಮಾಡ್ತಿದ್ದವಳು ಹೊರಗೆ ಕೂತಿದಾಳೆ. ಅವಳಿಗೂ ಹೇಳೋದಿದೆ.”

“ಬರೀ ಮಾತು ನಂಬಿ ಒಬ್ಬನ ಬದುಕು ಮಣ್ಣುಪಾಲು ಮಾಡೋಕಾಗುತ್ತಾ?” ಎಂದರು ಅಧ್ಯಕ್ಷರು.

ಅದೇನೂ ಸುಳ್ಳಲ್ಲ. ಹೋದ ವರ್ಷ ಮಾತ್ರ ಅದು ಯಾರಿಗೂ ನೆನಪಾಗಿರಲಿಲ್ಲ.

ಎಲ್ಲರೂ ತನ್ನತ್ತ ನೋಡಿದಾಗ ವಕೀಲೆ ಪದ ತೂಗಿ, ಮೆತ್ತಗೆ ಕೇಳಿದಳು: “ಆಗಲೇ ಯಾಕೆ ಹೇಳಲಿಲ್ಲ ನೀವು?”

ಆಕೆ ವಕೀಲೆಯ ಮುಖವನ್ನೇ ನೋಡುತ್ತಿದ್ದು, ಕೈಚೀಲ ಎತ್ತಿಕೊಂಡು ಎದ್ದಳು.

ವಕೀಲೆ ತನ್ನ ಮುಂದಿದ್ದ ವಿಚಾರಣೆಯ ವರದಿಯನ್ನು ದೂರ ಸರಿಸಿದಳು. “ಹೊರಗಿರೋರನ್ನ ಕೇಳದೆ ನಾನು ಸಹಿ ಹಾಕಲ್ಲ.”

“ಬೇಡ ಬಿಡಿ. ನಮ್ಮಿಬ್ಬರದ್ದು ಸಾಕು,” ಎಂದರು ಅಧ್ಯಕ್ಷರು, ಪೆನ್ನಿನ ಮುಚ್ಚಳ ತೆಗೆಯುತ್ತ.

ವಕೀಲೆ ಬಾಗಿಲು ತೆರೆದಳು; ದೂರು ಕೊಟ್ಟಾಕೆಯೂ ಹಿಂದೆಯೇ ಹೊರಬಂದಳು. ಬೆಂಚು ಪ್ಲೈವುಡ್ಡಿಗೇ ಅಂಟಿಕೊಂಡಿತ್ತು. ಅದರ ಮೇಲೆ ಕೂತಿದ್ದ ಹೆಂಗಸು ಗೋಡೆಗೆ ತಲೆಯಾನಿಸಿದ್ದಳು. ಫ್ಯಾನು ಆರಿಸಿದ್ದು ವಕೀಲೆಗೆ ಆಗ ನೆನಪಾಯಿತು. ಒಳಗಿನ ಮಾತೆಲ್ಲ ಇಲ್ಲಿಗೆ ಕೇಳಿಸಿರಬೇಕು.

“ಒಳಗೆ ಬನ್ನಿ. ನಿಮಗೂ ಹೇಳೋದಿದೆಯಂತಲ್ಲ.”

“ನಂಗೇನಿಲ್ಲ ಮೇಡಂ. ಸುಮ್ನೆ ಇವಳ ಜೊತೆಗೆ ಬಂದೆ.”

“ನಾನು ಹಾಗೆ ಕೇಳಬಾರದಿತ್ತು. ಆಗಲೇ ಯಾಕೆ ಹೇಳಲಿಲ್ಲ ಅಂತ ನಿಮ್ಮನ್ನ ಕೇಳಲ್ಲ.”

“ನೀವು ಬಿಟ್ರೆ ಇನ್ನೊಬ್ರು ಕೇಳ್ತಾರೆ.” ಹೆಂಗಸು ಎದ್ದು, ಗೆಳತಿಯ ಕೈ ಹಿಡಿದಳು. “ನಮ್ಮನೇಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗೋದೂ ಬೇಡ.”