ಕಾಲು ಬರೆದ ದಾರಿ

ಇಲ್ಲ, ಇನ್ನೂ ಯಾರಾದರೂ ಬರಬಹುದು ಎಂದುಕೊಂಡು ಅವನು ಅತ್ತಿಮರದ ಕೆಳಗಿನ ಬೆಂಚಿನಿಂದ ಏಳಲಿಲ್ಲ.

ಪಾರ್ಕಿನ ಮೂರು ದಾರಿಗಳಲ್ಲಿ ಮೊದಲನೆಯದರಲ್ಲಿ ಜನರಿದ್ದರು. ಗೇಟಿನಿಂದ ಬಸ್ ನಿಲ್ದಾಣದ ಕಡೆಗೆ ಹೋಗುವ ದಾರಿ ಅದು. ಸಂಜೆಯಾದರೆ ಅಲ್ಲಿ ಚೀಲ, ಛತ್ರಿ, ಫೋನಿನ ಮಾತು. ಎರಡನೆಯದರಲ್ಲಿ ಮಕ್ಕಳು ಉಯ್ಯಾಲೆಯಿಂದ ನಲ್ಲಿಗೆ, ನಲ್ಲಿಯಿಂದ ಉಯ್ಯಾಲೆಗೆ ಓಡುತ್ತಿದ್ದರು. ಮೂರನೆಯ ದಾರಿ ಮಾತ್ರ ಇಸ್ತ್ರಿ ಮಾಡಿ ಮಡಿಸಿಟ್ಟು ಮರೆತ ಬಟ್ಟೆಯ ಹಾಗೆ ಬಿದ್ದಿತ್ತು. ಇಟ್ಟಿಗೆಗಳ ಸಂದಿಯಲ್ಲಿ ಹುಲ್ಲು ಎದ್ದಿತ್ತು.

ಪಾರ್ಕು ಚೆನ್ನಾಗಿತ್ತು. ಅದನ್ನು ವಿನ್ಯಾಸ ಮಾಡಿದ ಅವನಿಗೂ ಆ ಬಗ್ಗೆ ಸಂಶಯವಿರಲಿಲ್ಲ, ಬಂದುಹೋಗುವವರಿಗೂ ಇರಲಿಲ್ಲ. ಸುತ್ತಲಿನ ಚಾವಣಿಗಳ ಮಳೆನೀರು ಚರಂಡಿಯ ಪಾಲಾಗದೆ ಕೊಳಕ್ಕೆ ಬರುತ್ತಿತ್ತು. ಕರೆಯದೆಯೇ ಕಪ್ಪೆಗಳೂ ಬಂದಿದ್ದವು. ಗಾಳಿಗೆ ಉರುಳಿದ ಮರ ಬೆಂಚಾಗಿತ್ತು. ದೀಪಗಳು ಹಗಲಿಡೀ ಉಂಡ ಬಿಸಿಲನ್ನು ಸಂಜೆ ಮೆಲುಕು ಹಾಕುತ್ತಿದ್ದವು. ಕೆಡವಿದ ಹಳೆಯ ಗೋಡೆಯ ಇಟ್ಟಿಗೆಯೇ ದಾರಿಗಳಿಗೆ ಹಾಸಾಗಿತ್ತು. ಹೊರಗಿನಿಂದ ಒಂದು ಹೊಸ ಇಟ್ಟಿಗೆಯೂ ಒಳಗೆ ಬರಕೂಡದು ಎಂಬುದು ಅವನೇ ಮಾಡಿದ ನಿಯಮ. ಮಾಡಿದ ದಿನ ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಇವತ್ತು ಅದೇ ನಿಯಮ ಕೊರಳಿಗೆ ಸುತ್ತಿಕೊಂಡಿತ್ತು.

"ಸಾಹೇಬ್ರೇ, ಗಿರಾಕಿ ಬಂದ್ರಾ ನಿಮ್ಮ ದಾರಿಗೆ?"

ಚದುರಂಗದ ಮೇಜುಗಳ ಕಡೆಯಿಂದ ಕೂಗಿದವನು ಕುದುರೆ ಮಾವ. ಆಟದಲ್ಲಿ ರಾಜನನ್ನಾದರೂ ಬಿಟ್ಟಾನು, ಕುದುರೆಯನ್ನು ಬಿಡ; ಅದಕ್ಕೇ ಆ ಹೆಸರು. ಮಳೆ ಹಿಡಿದ ಮೇಲೆ ಅವನ ಊರುಗೋಲು ಮೇಜಿನ ಸುತ್ತಲಿನ ಕೆಸರಿನಲ್ಲಿ ಹೂತುಕೊಳ್ಳುತ್ತಿತ್ತು. ಎಳೆದರೆ ಪಚಕ್ಕೆಂದು ಬರುತ್ತಿತ್ತು. ಮೊನ್ನೆ ಕೋಲು ಬರಲಿಲ್ಲ, ಮುದುಕನೇ ಬಿದ್ದ.

"ಬರ್ತಾರೆ ಮಾವ."

"ಬರಲಿ ಬರಲಿ. ಅಷ್ಟರೊಳಗೆ ನಾನು ಹೋಗದಿದ್ರೆ ಸರಿ."

ಹೊಸ ಇಟ್ಟಿಗೆ ತರುವಂತಿಲ್ಲವಲ್ಲ, ಯಾರೂ ನಡೆಯದ ದಾರಿಯ ಇಟ್ಟಿಗೆ ಎತ್ತಿ ಮೇಜುಗಳ ಕೆಳಗೆ ಹಾಸೋಣ ಎಂದು ಪಾರ್ಕಿನ ಸಮಿತಿಯ ಅಧ್ಯಕ್ಷೆ ಬೆಳಗ್ಗೆ ಫೋನಿನಲ್ಲಿ ಹೇಳಿದ್ದರು. ನಿವೃತ್ತ ಹೆಡ್‌ಮಿಸ್ಟ್ರೆಸ್. "ಸಂಜೆ ಬರ್ತೀನಿ. ಹೂಂ ಅನ್ನಿ, ಇಲ್ಲಾ ಊಹೂಂ ಅನ್ನಿ. ಭಾಷಣ ಬೇಡ."

ನ್ಯಾಯವಾದ ಮಾತು. ಆದರೆ ಹೂಂ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ಮೂರೂ ದಾರಿಗಳಲ್ಲಿ ಅವನಿಗೆ ಜೀವವಿದ್ದದ್ದು ಇದರ ಮೇಲೆಯೇ.

ಹಳೆಯ ಸಿಮೆಂಟಿನ ದಾರಿಗಳನ್ನು ಕಿತ್ತ ಮೇಲೆ ಒಂದು ಮಳೆಗಾಲವಿಡೀ ನಡುಬಯಲನ್ನು ಹಾಗೇ ಬಿಟ್ಟಿದ್ದ. ಜನ ಎಲ್ಲಿ ನಡೆಯುತ್ತಾರೋ ನಡೆಯಲಿ. ಹುಲ್ಲು ಸವೆದ ಕಡೆ ಇಟ್ಟಿಗೆ ಹಾಸಿದರಾಯಿತು. "ದಾರಿ ನಾನು ಮಾಡೋದಲ್ಲ, ಜನರ ಕಾಲು ಬರೆಯುತ್ತೆ" ಎಂದಿದ್ದ. ಕಾಲು ಮೂರು ದಾರಿ ಬರೆಯಿತು. ಎರಡು ಯಾರೂ ಊಹಿಸಬಹುದಾದವು. ಮೂರನೆಯದು ಹಿಂದಿನ ಚಿಕ್ಕ ಗೇಟಿನಿಂದ ಹೊರಟು, ನಡುವೆ ಒಂದು ಕಡೆ ಕಾರಣವೇ ಇಲ್ಲದೆ ಮೆಲ್ಲಗೆ ಬಾಗಿ, ಪಂಪ್‌ಮನೆಯ ಪಕ್ಕದ ಒಂಟಿ ಕಲ್ಲಿಗೆ ಹೋಗಿ ಮುಗಿಯುತ್ತಿತ್ತು. ಚಿಕ್ಕಂದಿನಲ್ಲಿ ಅಮ್ಮ ಪದ್ಯ ಓದುವಾಗ ಸಾಲಿನ ನಡುವೆ ಉಸಿರಿಗೆಂದು ನಿಲ್ಲುತ್ತಿದ್ದಳು. ಅರ್ಥವಾಗದಿದ್ದರೂ ಆ ನಿಲುಗಡೆಯಲ್ಲಿ ಅವನ ಎದೆ ತುಂಬುತ್ತಿತ್ತು. ಈ ಬಾಗೂ ಹಾಗೆಯೇ ಇತ್ತು. ಸಭೆಯಲ್ಲಿ ಇದರ ಚಿತ್ರ ತೋರಿಸಿ, "ಜನ ಅವಸರಕ್ಕೆ ಮಾತ್ರ ನಡೆಯೋದಿಲ್ಲ. ಸುಮ್ಮನೆ ಬಳಸಿ ಹೋಗೋ ಆಸೆಯೂ ಅವರಿಗಿದೆ" ಎಂದಿದ್ದ. ಆ ಜನ ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಕಾಣದೆಯೇ ಅವರನ್ನು ಪ್ರೀತಿಸಿಬಿಟ್ಟಿದ್ದ.

ಕನ್ನಡಕದಂಗಡಿಯ ಕೆಲಸ ಮುಗಿಸಿ ಹೆಂಡತಿ ನೇರ ಅಲ್ಲಿಗೇ ಬಂದಳು.

"ಇದೇನಾ ಆ ಮಹಾದಾರಿ?"

"ಹೂಂ."

"ವರ್ಷದಿಂದ ಊಟಕ್ಕೆ ಕೂತ್ರೂ ಇದರದೇ ಜಪ. ಏಳಿ, ನಾನೇ ನಡೆದು ಪುಣ್ಯ ಕಟ್ಕೋತೀನಿ."

"ನೀನು ಲೆಕ್ಕಕ್ಕಿಲ್ಲ."

"ಅದೇನು ಹೊಸದಲ್ಲ ಬಿಡಿ."

ಇಬ್ಬರೂ ನಡೆದರು. ಹಿತವಾದ ಗಾಳಿಯಿತ್ತು. ದಾರಿ ಬಾಗುವ ಕಡೆ ಅವಳು ನಿಂತಳು.

"ಇಲ್ಯಾಕೆ ಇದಕ್ಕೆ ಹೊಟ್ಟೆ ಬಂದಿದೆ?"

"ಜನ ಹಾಗೆ ನಡೆದ್ರು."

"ಯಾಕೆ, ಇಲ್ಲೇನಿತ್ತು?"

"ಏನಿಲ್ಲ. ಒಂದು ನಾಯಿ ಮಲಗ್ತಿತ್ತು, ಅಷ್ಟೆ."

ಅವಳು ನಕ್ಕಳು. "ಪಾಪ, ಆ ಜನಕ್ಕೂ ನಿಮ್ಮ ಹಾಗೇ ನಾಯಿ ಕಂಡ್ರೆ ಪುಕ್ಕಲಾ?"

ಅವಳ ನಗು ತಾನಾಗಿ ನಿಂತಿತು.

"ನಾಯಿ ಮಲಗ್ತಿದ್ದದ್ದು ನಿಮಗೆ ಹೇಗೆ ಗೊತ್ತು?"

"ಬೆಳಗ್ಗೆ ಬರ್ತಿದ್ದೆ. ನೋಡೋಕೆ."

"ಯಾರನ್ನ?"

"ಜನರನ್ನ."

"ಅಷ್ಟು ಬೆಳಗ್ಗೆ ಯಾರಿರ್ತಿದ್ರು?"

"ಯಾರೂ ಇರ್ತಿರಲಿಲ್ಲ."

ಹೇಳಿದ ಮೇಲೆ ಅವನ ಮಾತು ಅವನಿಗೇ ಕೇಳಿಸಿತು.

ಆ ಮಳೆಗಾಲವಿಡೀ, ಬೆಳಕು ಹರಿಯುವ ಮೊದಲು, ಹಿಂದಿನ ಗೇಟಿನಿಂದ ಬಂದು, ನಾಯಿಯನ್ನು ಬಳಸಿ, ಆ ಕಲ್ಲಿನ ಮೇಲೆ ಪಂಪ್‌ಮನೆಯ ಗೋಡೆಗೆ ಮುಖಮಾಡಿ ಅವನು ಕೂರುತ್ತಿದ್ದ. ದೊಡ್ಡ ಗೇಟಿನಲ್ಲಿ ಮೊದಲ ಮನುಷ್ಯನ ಸದ್ದು ಕೇಳಿದ ಕೂಡಲೇ ಎದ್ದು, ಬಂದ ದಾರಿಯಲ್ಲೇ ಮನೆಗೆ ಹೋಗುತ್ತಿದ್ದ. ಅದನ್ನು ಅವಲೋಕನ ಎಂದು ಕರೆದುಕೊಂಡಿದ್ದ. ಈ ಹುಲ್ಲನ್ನು ಸವೆಸಿದ್ದು ಎರಡೇ ಕಾಲು, ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ.

ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಬಹಳ ದಿನದಿಂದ ಹುಡುಕುತ್ತಿದ್ದ ವಿಳಾಸ ಸಿಕ್ಕಿದಂತೆ, ಮನೆ ಖಾಲಿಯಿದ್ದರೂ ಸರಿ, ಒಂದು ಬಗೆಯ ನೆಮ್ಮದಿಯಾಯಿತು.

"ನನಗೆ ವಾಕಿಂಗ್ ಅಂದಿದ್ರಿ," ಎಂದಳು.

"ವಾಕಿಂಗೇ."

"ಕರೆದಿದ್ರೆ ನಾನೂ ಬರ್ತಿದ್ದೆ."

"ಗೊತ್ತು."

"ಗೊತ್ತಿತ್ತು. ಅದಕ್ಕೇ ನೀವು ಕರೀಲಿಲ್ಲ."

ಸಿಟ್ಟಿರಲಿಲ್ಲ ದನಿಯಲ್ಲಿ, ಅಂಗಡಿಯಲ್ಲಿ ಗಾಜಿನ ನಂಬರು ಹೇಳುವಾಗಿನ ಹಾಗೆ ಹೇಳಿದಳು. ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಬಾಗನ್ನು ಬಿಟ್ಟು, ಹುಲ್ಲಿನ ಮೇಲೆ ನೆಟ್ಟಗೆ ಚದುರಂಗದ ಮೇಜುಗಳ ಕಡೆ ನಡೆದುಹೋದಳು. ಅಲ್ಲಿ ಕುದುರೆ ಮಾವ ಕೆಸರಿನಿಂದ ಕೋಲು ಕೀಳಲು ಹೆಣಗುತ್ತಿದ್ದ. ಅವಳು ಅವನಿಗೆ ತೋಳು ಕೊಟ್ಟಳು. ಅವನೇನೋ ಹೇಳಿದ, ಅವಳು ಜೋರಾಗಿ ನಕ್ಕಳು. ಆ ನಗು ಇಲ್ಲಿಯವರೆಗೂ ಬಂತು.

ಅಧ್ಯಕ್ಷೆ ಬಂದಿದ್ದರು. ಹಿಂದೆ ಮಾಲಿ, ಕೈಯಲ್ಲಿ ಹಾರೆ.

"ಏನ್ರೀ, ಹೂಂನೋ ಊಹೂಂನೋ?" ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ದನಿ.

ಹೂಂ ಎನ್ನಬೇಕೆಂದೇ ಅವನು ಬಾಯಿ ತೆರೆದ. ಅಷ್ಟು ಹೇಳಿದರೆ ಮುದುಕ ಬೀಳುವುದಿಲ್ಲ. ತಾನೂ ಆ ಮೇಜುಗಳ ಹತ್ತಿರ ಹೋಗಬಹುದು, ಯಾಕೆ ನಕ್ಕಿರಿ ಎಂದು ಕೇಳಬಹುದು.

ಆಗ ಪಂಪ್‌ಮನೆಯ ಹಿಂದಿನಿಂದ ನಾಯಿ ಬಂತು. ಅದೇ ನಾಯಿ, ಹರಿದ ಎಡಗಿವಿ. ಇಟ್ಟಿಗೆ ಹಾಸುವಾಗ ಓಡಿಹೋದದ್ದು ಈಗ ಮೈ ತುಂಬಿಕೊಂಡಿತ್ತು. ಅವನತ್ತ ನೋಡಲೂ ಇಲ್ಲ. ಬಾಗಿನ ಮಡಿಲಲ್ಲಿದ್ದ ಹುಲ್ಲಿನ ಮೇಲೆ ಸುತ್ತು ಹಾಕಿ, ಮೊದಲಿನ ಜಾಗದಲ್ಲೇ ಉಸ್ಸೆಂದು ಮಲಗಿತು. ಇಟ್ಟಿಗೆಗಳು ಅದರ ಮೈಸುತ್ತ ಅಳತೆ ತೆಗೆದು ಹಾಸಿದಂತಿದ್ದವು. ಬಾಲದ ತುದಿಯೂ ದಾರಿಗೆ ಸೋಕಿರಲಿಲ್ಲ.

ದೀಪಗಳು ಹೊತ್ತಿಕೊಂಡವು.

"ರೀ, ಕೇಳಿಸ್ತಾ?" ಅಧ್ಯಕ್ಷೆ ಮತ್ತೆ ಕೂಗಿದರು.

ಅಷ್ಟರಲ್ಲಿ ಅವನ ಕಾಲು ಬಾಗಿನ ಉದ್ದಕ್ಕೂ ತಿರುಗಿಯಾಗಿತ್ತು. ನಾಯಿಯನ್ನು ಬಳಸಿ, ಕಲ್ಲಿನವರೆಗೆ ಹೋಗಿ, ಗೋಡೆಗೆ ಮುಖಮಾಡಿ ಕೂತ. ಕಲ್ಲು ಹಗಲಿನ ಬಿಸಿಯನ್ನು ಇನ್ನೂ ಇಟ್ಟುಕೊಂಡಿತ್ತು. ಕೊಳದಲ್ಲಿ ಕಪ್ಪೆಗಳು ಶುರುಮಾಡಿದ್ದವು. ಹಿತವಾಗಿತ್ತು.

ಹಿಂದೆ, ಮೂರನೆಯ ದಾರಿಯ ಮೇಲೆ ಎಲ್ಲೋ, ಇಟ್ಟಿಗೆಗೆ ಏನೋ ಟಕ್ಕೆಂದು ತಾಗಿತು. ಸ್ವಲ್ಪ ಬಿಟ್ಟು ಮತ್ತೊಮ್ಮೆ. ಊರುಗೋಲೋ, ಹಾರೆಯೋ. ಅವನು ತಿರುಗಿ ನೋಡಲಿಲ್ಲ.