ವಾರಿಜಳ ಮುಷ್ಟಿಯಲ್ಲಿ ನಾನು

ನಾನು ಒಂದು ಪ್ಲಾಸ್ಟಿಕ್ ಕ್ಯಾನು. ಈಗ ಅರ್ಧವೇ ಉಳಿದಿದ್ದೇನೆ, ಆದರೂ ಪೂರ್ತಿ ಮರ್ಯಾದೆ ಕೊಟ್ಟೇ ಮಾತಾಡಿಸಬೇಕು. ಮಂಗಳೂರಿನ ಒಂದು ಕಾರ್ಖಾನೆಯಲ್ಲಿ ಬಿಸಿ ಅಚ್ಚಿನಿಂದ ಹೊರಬಿದ್ದಾಗ ನನ್ನ ಹೊಟ್ಟೆ ಐದು ಲೀಟರ್ ಹಿಡಿಯುತ್ತಿತ್ತು. ಮೊದಲು ತೆಂಗಿನೆಣ್ಣೆ ತುಂಬಿಸಿಕೊಂಡು ಅಡುಗೆಯ ಸದಾನಂದಣ್ಣನ ಜೊತೆ ಮದುವೆ ಮನೆಗಳನ್ನು ಸುತ್ತಿದೆ. ಆಹಾ, ಆ ಗೋಳಿಬಜೆಯ ಪರಿಮಳ! ಎಣ್ಣೆ ಮುಗಿದ ಮೇಲೆ ಯಾರೋ ಫಿನಾಯಿಲ್ ತುಂಬಿಸಿ ಒಂದು ಶಾಲೆಯ ಕಕ್ಕಸಿನ ಹಿಂದೆ ಇಟ್ಟರು. ಆ ಎರಡು ವರ್ಷದ ಬಗ್ಗೆ ಮಾತ್ರ ಕೇಳಬೇಡಿ.

ನನ್ನನ್ನು ಅಲ್ಲಿಂದ ಬಿಡಿಸಿದವಳು ಆ ಶಾಲೆಯ ಪಿ.ಟಿ. ಟೀಚರ್ ಗ್ಲಾಡಿಸ್. ಚೆನ್ನಾಗಿ ತೊಳೆದು, ಮುಚ್ಚಳ ಬಿಗಿದು, ಬುಡವನ್ನು ಓರೆಯಾಗಿ ಕತ್ತರಿಸಿ ತನ್ನ ಪುಟ್ಟ ದೋಣಿಯೊಳಗೆ ಇಟ್ಟುಕೊಂಡಳು. ದೋಣಿಗೆ ನುಗ್ಗಿದ ನೀರನ್ನು ಮೊಗೆದು ಹೊರಗೆ ಚೆಲ್ಲುವುದು ನನ್ನ ಹೊಸ ಕೆಲಸ. ಕಕ್ಕಸಿನಿಂದ ಪಾರಾದ ಖುಷಿಯಲ್ಲಿ ಬುಡ ಹೋದದ್ದು ನನಗೆ ಬೇಜಾರೆನಿಸಲಿಲ್ಲ.

ಗ್ಲಾಡಿಸಳಿಗೆ ಇಬ್ಬರು ಗೆಳತಿಯರು, ಶಾಹೀನ ಮತ್ತು ವಾರಿಜ. ಕಾಲೇಜಿನಲ್ಲಿ ಮೂವರೂ ಒಟ್ಟಿಗೆ ದೋಣಿ ನಡೆಸಲು ಕಲಿತವರು. ಐವತ್ತು ದಾಟಿದರೂ ಪ್ರತಿ ಅಕ್ಟೋಬರಿನಲ್ಲಿ ಘಟ್ಟದ ಮೇಲಿನ ಹಿನ್ನೀರಿಗೆ ಹೋಗಿ, ಅದರ ನಡುವಿನ ಕಾಡುದ್ವೀಪದಲ್ಲಿ ಡೇರೆ ಹಾಕುವುದನ್ನು ಬಿಟ್ಟಿರಲಿಲ್ಲ. ಆದರೆ ನಾನು ಹೇಳುತ್ತಿರುವ ವರ್ಷ ವಾರಿಜಳಿಗೆ ಪಾರ್ಶ್ವವಾಯು ಹೊಡೆದಿತ್ತು. ಬಲಗೈಯ ಬೆರಳುಗಳು ಮುಷ್ಟಿಯಾಗಿ ಮಡಚಿಕೊಂಡಿದ್ದವು. ಎಡಗೈಯಿಂದ ಒಂದೊಂದಾಗಿ ಬಿಡಿಸಿದರೆ ಮಾತ್ರ ತೆರೆಯುತ್ತಿದ್ದವು, ಬಿಟ್ಟ ಕೂಡಲೇ ಮತ್ತೆ ಮಡಚುತ್ತಿದ್ದವು. ಅವಳ ಹಟ ಒಂದೇ, ದೋಣಿಯಲ್ಲಿ ಮೊದಲಿನಂತೆ ತನಗೂ ಒಂದು ಕೆಲಸ ಇರಬೇಕು.

ಹಿನ್ನೀರಿನ ದಡದಿಂದ ಹೊರಡುವಾಗ ನೋಡಿದರೆ ದೋಣಿಯಲ್ಲಿ ಎರಡೇ ಹುಟ್ಟು.

"ನನ್ನದೆಲ್ಲಿ?" ಎಂದಳು ವಾರಿಜ.

"ಮರ್ತೇ ಹೋಯ್ತು ಮಾರಾಯ್ತಿ," ಎಂದಳು ಗ್ಲಾಡಿಸ್.

ಶುದ್ಧ ಸುಳ್ಳು! ಮೂರನೆಯ ಹುಟ್ಟನ್ನು ಅವಳೇ ಮನೆಯಲ್ಲಿ ದೋಣಿ ಇಡುವ ಶೆಡ್ಡಿನ ಗೋಡೆಗೆ ಒರಗಿಸಿ ಬಂದದ್ದನ್ನು ನಾನು ನೋಡಿದ್ದೆ.

"ನೀನು ನಡುವೆ ಆರಾಮ ಕೂತ್ಕೊ," ಎಂದಳು ಶಾಹೀನ.

"ಹೌದು, ನಾನೂ ಒಂದು ಲಗೇಜಲ್ಲವಾ," ಎನ್ನುತ್ತ ವಾರಿಜ ಅಕ್ಕಿ ಚೀಲದ ಪಕ್ಕ ಕೂತಳು. ದ್ವೀಪದಲ್ಲೂ ಅದೇ ಕಥೆ. ಎರಡು ದಿನ ಮಳೆ ಬಿಡಲಿಲ್ಲ, ಗೆಳತಿಯರು ಅವಳಿಗೆ ಗಂಜಿ ಕಲಕಲೂ ಬಿಡಲಿಲ್ಲ. ನನಗಂತೂ ಮೈ ಉರಿಯುತ್ತಿತ್ತು.

ಮೂರನೆಯ ಬೆಳಿಗ್ಗೆ ಅಕ್ಕಿ ಮುಗಿದಿತ್ತು. ಮಳೆ ಸ್ವಲ್ಪ ಕಡಿಮೆಯಾದದ್ದು ನೋಡಿ ಹೊರಟೆವು. ನಡುನೀರಿಗೆ ಬಂದಾಗ ಗಾಳಿ ಎದ್ದಿತು. ಮೂವರಿಗೂ ಲೈಫ್ ಜಾಕೆಟ್ ಇತ್ತು ನಿಜ, ಆದರೆ ದಡ ಎಲ್ಲೋ ದೂರದಲ್ಲಿತ್ತು. ಅಲೆಗಳು ಅಂಚು ಹಾರಿ ಒಳಗೆ ಬಂದವು. ನೀರು ಚೆಲ್ಲಲೆಂದು ಶಾಹೀನ ಹುಟ್ಟು ಬಿಟ್ಟು ನನ್ನನ್ನು ಎತ್ತಿಕೊಂಡಳು. ದೋಣಿ ತಟ್ಟನೆ ಅಡ್ಡ ತಿರುಗಿತು, ಇನ್ನೂ ದೊಡ್ಡ ಅಲೆ ನುಗ್ಗಿತು.

"ಹುಟ್ಟು ಬಿಡ್ಬೇಡ! ನನ್ನೊಬ್ಬಳಿಂದ ಆಗುದಿಲ್ಲ!" ಗ್ಲಾಡಿಸ್ ಕೂಗಿದಳು.

"ಮತ್ತೆ ನೀರು ತೆಗೆಯುದು ಯಾರು?"

"ಇಲ್ಲಿ ಕೊಡು," ಎಂದು ವಾರಿಜ ನನ್ನನ್ನು ಕಸಿದುಕೊಂಡಳು.

ಎಡಗೈಯಿಂದ ಮೊಗೆದಳು, ಚೆಲ್ಲಿದಳು, ಮೊಗೆದಳು. ಆದರೆ ಚಳಿಗೆ ಬೆರಳು ಮರಗಟ್ಟಿ ನಾನು ಜಾರಿಬಿಟ್ಟೆ. ಇನ್ನೊಂದು ಗೇಣು ಆಚೆ ಬಿದ್ದಿದ್ದರೆ ನಾನೂ ಇಲ್ಲ, ಅವರೂ ಇಲ್ಲ. ವಾರಿಜ ನನ್ನನ್ನು ಹಿಡಿದೆತ್ತಿ ಒಂದು ಕ್ಷಣ ನೋಡಿದಳು. ಆಮೇಲೆ ತನ್ನ ಬಲಮುಷ್ಟಿಯನ್ನು ಹಲ್ಲು ಕಚ್ಚಿ ಬಿಡಿಸಿ, ನನ್ನ ಹಿಡಿಯನ್ನು ಅದರೊಳಗೆ ತುರುಕಿದಳು. ಬೆರಳುಗಳು ಮುಚ್ಚಿಕೊಂಡವು. ಅಬ್ಬಬ್ಬಾ, ಎಂಥ ಹಿಡಿತ! ಇಷ್ಟು ತಿಂಗಳ ಎಣ್ಣೆಗೂ ವ್ಯಾಯಾಮಕ್ಕೂ ಬಗ್ಗದ ಆ ಮುಷ್ಟಿಯಿಂದ ಇನ್ನು ಯಾವ ಅಲೆಯೂ ನನ್ನನ್ನು ಕೀಳುವಂತಿರಲಿಲ್ಲ. ಎಡಗೈಯಿಂದ ಬಲಮಣಿಕಟ್ಟನ್ನು ಎತ್ತಿ ಎತ್ತಿ ಅವಳು ನೀರು ಚೆಲ್ಲತೊಡಗಿದಳು.

"ಸಾಕು, ನಿಂಗೆ ಆಗುದಿಲ್ಲ!" ಶಾಹೀನ ಹಿಂದಕ್ಕೆ ತಿರುಗಿ ಕೂಗಿದಳು.

"ಆಗ್ತದೆ! ನೀನು ಮುಂದೆ ನೋಡು!"

ಮುಕ್ಕಾಲು ಗಂಟೆ ಅವಳು ನಿಲ್ಲಿಸಲಿಲ್ಲ. ನಾನೂ ಅಷ್ಟೇ, ಸೀಳಿದರೆ ಸೀಳಲಿ ಎಂದು ಹಲ್ಲು ಕಚ್ಚಿ ದುಡಿದೆ.

ದಡ ಸೇರಿದ ಮೇಲೂ ಮುಷ್ಟಿ ನನ್ನನ್ನು ಬಿಡಲಿಲ್ಲ. ಗ್ಲಾಡಿಸ್ ಕೂತು ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಅತ್ತುಬಿಟ್ಟಳು. "ಹುಟ್ಟು ಮರ್ತದ್ದಲ್ಲ. ಬೇಕೂಂತಲೇ ಬಿಟ್ಟು ಬಂದದ್ದು. ತಪ್ಪಾಯ್ತು."

"ಗೊತ್ತುಂಟು," ಎಂದಳು ವಾರಿಜ. "ಮೊದಲು ಚಾ ಮಾಡು."

ಅದಾಗಿ ಆರು ವರ್ಷ. ಬಿಸಿಲಿಗೆ ನನ್ನ ಮೈ ಬಿರುಕು ಬಿಟ್ಟಿದೆ. ದೋಣಿಗೆ ಹೊಸ ಕ್ಯಾನು ಬಂದಿದೆ, ಅದರ ಹಿಡಿಯನ್ನು ವಾರಿಜಳೇ ಮುಷ್ಟಿಗೆ ಕೂರಿಸಿ ನೋಡಿ ಆರಿಸಿದ್ದು. ಹೊಟ್ಟೆಕಿಚ್ಚು ಇಲ್ಲವೆಂದರೆ ಸುಳ್ಳಾದೀತು. ಶೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ತುಂಬಿಕೊಂಡು ಕೂತಿದ್ದೇನೆ. ಅರ್ಧ ಉಳಿದವರೂ ಪೂರ್ತಿ ಕೆಲಸ ಮಾಡಬಲ್ಲರು ಎಂದು ಈ ಮೊಳೆಗಳಿಗೆ ದಿನಾ ಹೇಳುತ್ತೇನೆ. ಅವು ನಂಬುವುದಿಲ್ಲ.

ಈ ಅಕ್ಟೋಬರಿನಲ್ಲಿ ವಾರಿಜಳಿಗೆ ಪೋಸ್ಟಾಫೀಸಿನಲ್ಲಿ ರಜೆ ಸಿಗಲಿಲ್ಲ. ಗ್ಲಾಡಿಸ್ ಶೆಡ್ಡಿಗೆ ಬಂದು, ಸುತ್ತಿಟ್ಟಿದ್ದ ಡೇರೆಯನ್ನು ಮತ್ತೆ ಅಟ್ಟಕ್ಕೆ ಹಾಕಿ, ಶಾಹೀನಳಿಗೆ ಫೋನು ಮಾಡಿದಳು.

"ನವೆಂಬರಿಗೆ ಹೋಗುವ. ನಾವಿಬ್ಬರೇ ಹೋದ್ರೆ ಮುಳುಗ್ತೇವೆ ಮಾರಾಯ್ತಿ."